ಸಾಹೇಬನ ಕುರ್ಚಿ, ನಾಯಕನ ಕಥೆ

ನಮ್ಮ ಕಾಲೇಜುಗಳಲ್ಲಿ ಅಮೆರಿಕದ ಸಾಹಿತ್ಯ ಕಲಿಸುವಾಗ ಒಂದು ಸೂತ್ರ ಸಲೀಸಾಗಿ ಓಡಾಡುತ್ತದೆ. ಮಾರ್ಕ್ ಟ್ವೇನ್ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಬೆಳೆದ, ಅದಕ್ಕೇ ಹಕಲ್‌ಬೆರಿ ಫಿನ್ ಬರೆದ. ಹಾಥಾರ್ನ್‌ನ ಪೂರ್ವಜನೊಬ್ಬ 1692ರ ಸೇಲಂ ಮಾಟಗಾತಿ ವಿಚಾರಣೆಯಲ್ಲಿ ನ್ಯಾಯಾಧೀಶನಾಗಿದ್ದ, ಅದಕ್ಕೇ ಪಾಪದ ವಿಚಾರ ಅವನ ಬೆನ್ನು ಬಿಡಲಿಲ್ಲ. ಪರೀಕ್ಷೆಗೆ ಇಷ್ಟು ಸಾಕು. ಕನ್ನಡ ತರಗತಿಗಳಲ್ಲೂ ನಡೆಯುವುದು ಇದೇ: ಕವಿಯ ಕಾಲ, ಊರು, ಮತ, ಆಶ್ರಯದಾತ ಇಷ್ಟನ್ನು ಬಾಯಿಪಾಠ ಮಾಡಿದರೆ ಕೃತಿಯ ಅರ್ಧ ಕೆಲಸ ಮುಗಿಯಿತು. ಬದುಕು ಮತ್ತು ಸಮಾಜ ಬರಹಗಾರನನ್ನು ರೂಪಿಸುತ್ತವೆ ಎಂಬ ಮಾತನ್ನು ಅಲ್ಲಗಳೆಯುವವರು ಯಾರೂ ಇಲ್ಲ. ನನ್ನ ತಕರಾರು ಬೇರೆ. ಈ ಮಾತು ಅರ್ಧದಲ್ಲೇ ನಿಂತುಬಿಡುತ್ತದೆ. ಒಂದೇ ನೆಲ, ಒಂದೇ ಕಾಲ ಇಬ್ಬರನ್ನು ಎರಡು ದಿಕ್ಕಿಗೆ ತಿರುಗಿಸಿದಾಗ ಸೂತ್ರಕ್ಕೆ ಬಾಯಿಯೇ ಇರುವುದಿಲ್ಲ. ಆಗ ಕೇಳಬೇಕಾದ ಪ್ರಶ್ನೆ ಇದು: ಬರೆಯುವವನು ಆ ಸಮಾಜದೊಳಗೆ ಎಲ್ಲಿ ಕೂತು ಬರೆದ? ಅವನ ಕುರ್ಚಿಯ ಕೆಳಗೆ ಯಾರಿದ್ದರು, ಅವರ ಕಥೆಯನ್ನು ಯಾರು ಹೇಳಿದರು?

ಇದನ್ನು ಒರೆಗೆ ಹಚ್ಚಲು ಮಿಸಿಸಿಪ್ಪಿಯವರೆಗೆ ಹೋಗಬೇಕಿಲ್ಲ. ಯಾದಗಿರಿ ಜಿಲ್ಲೆಯ ಗೋಗಿಯಿಂದ ಸುರಪುರದವರೆಗಿನ ದಾರಿ ಸಾಕು.

ಶಹಾಪುರ ತಾಲ್ಲೂಕಿನ ಗೋಗಿಯ ಹೆಸರು ಈಚೆಗೆ ಪತ್ರಿಕೆಗಳಲ್ಲಿ ಬಂದದ್ದು ಯುರೇನಿಯಂ ನಿಕ್ಷೇಪದಿಂದ. ಆದರೆ ಊರಿನ ಹಳೆಯ ಹೆಸರಿಗೆ ಕಾರಣ ಚಂದಾ ಹುಸೇನಿ ದರ್ಗಾ, ಮತ್ತು ಅದರ ಆಸರೆಯಲ್ಲಿ ಮಲಗಿರುವ ಬಿಜಾಪುರದ ಮೊದಲ ಆದಿಲ್‌ಶಾಹಿಗಳು. ವಂಶದ ಮೂಲಪುರುಷ ಯೂಸುಫ್ ಆದಿಲ್ ಖಾನ್, ಅವನ ಮಗ ಇಸ್ಮಾಯಿಲ್, 1558ರಲ್ಲಿ ತೀರಿಕೊಂಡ ಮೊದಲನೆಯ ಇಬ್ರಾಹಿಂ, ಇವರೆಲ್ಲರ ಗೋರಿಗಳು ಇರುವುದು ಇಲ್ಲೇ. ಗೋಲಗುಮ್ಮಟ ನೋಡಿ ಬಂದವರಿಗೆ ಇವು ತೀರಾ ಸಾಧಾರಣ ಅನ್ನಿಸಬಹುದು. ಇಲ್ಲಿ ಮಲಗಿರುವ ಯೂಸುಫ್ ಯಾರು ಎಂದು ಇತಿಹಾಸಕಾರ ಫರಿಸ್ತಾನನ್ನು ಕೇಳಿ: ತುರ್ಕಿಯ ಉಸ್ಮಾನಿ ಸುಲ್ತಾನನ ಮಗ, ಕೊಲೆಯಿಂದ ಪಾರಾಗಿ ಬಂದ ರಾಜಕುಮಾರ ಎನ್ನುತ್ತಾನೆ. ಇಂದಿನ ಇತಿಹಾಸಕಾರರು ಈ ಮಾತನ್ನು ಸುಲಭವಾಗಿ ನಂಬುವುದಿಲ್ಲ. ಫರಿಸ್ತಾ ಬಿಜಾಪುರಕ್ಕೆ ಬಂದದ್ದು 1589ರಲ್ಲಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಅನ್ನ ಉಂಡು ತನ್ನ ದೊಡ್ಡ ಇತಿಹಾಸ ಬರೆದ. ಆ ಗ್ರಂಥಕ್ಕೆ ಗುಲ್ಶನ್-ಎ-ಇಬ್ರಾಹಿಮಿ ಎಂಬ ಹೆಸರೂ ಇದೆ, ಅಂದರೆ ಒಡೆಯನ ಹೆಸರು ಮುಖಪುಟದಲ್ಲೇ ಕೂತಿದೆ. ಒಡೆಯನ ಮೂಲಪುರುಷ ಪರದೇಶದಿಂದ ಗುಲಾಮನಾಗಿ ಬಂದವನು ಎನ್ನುವುದಕ್ಕಿಂತ ತಲೆಮರೆಸಿಕೊಂಡ ರಾಜಕುಮಾರ ಎನ್ನುವುದು ಆ ದರ್ಬಾರಿನಲ್ಲಿ ಹೆಚ್ಚು ಸಲ್ಲುವ ಮಾತು. ಫರಿಸ್ತಾ ಬೇಕೆಂದೇ ಸುಳ್ಳು ಹೇಳಿದ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಕೇಳಿಸಿದ್ದು ಅದೇ ಇರಬಹುದು. ದರ್ಬಾರಿನಲ್ಲಿ ಕೂತವನ ಕಿವಿಗೆ ಬೀಳುವ ಸುದ್ದಿಯೇ ಬೇರೆ.

ಫರಿಸ್ತಾನ ವಿಷಯ ಇಷ್ಟಕ್ಕೇ ಬಿಡುತ್ತೇನೆ. ಆಸ್ಥಾನದ ಬರಹಗಾರ ಆಸ್ಥಾನದ ಪರವಾಗಿ ಬರೆದ ಎನ್ನುವುದರಲ್ಲಿ ಹೊಸದೇನೂ ಇಲ್ಲ. ಕಷ್ಟದ ಪ್ರಕರಣ ಸುರಪುರದ್ದು, ಯಾಕೆಂದರೆ ಅಲ್ಲಿದ್ದವನು ಒಳ್ಳೆಯ ಮನುಷ್ಯ.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲ್‌ನಲ್ಲಿ. ಹದಿನೈದರ ಹುಡುಗನಾಗಿದ್ದಾಗ ಮುಂಬಯಿಯ ಒಬ್ಬ ವ್ಯಾಪಾರಿಯ ಕಚೇರಿಗೆಂದು ಹಡಗು ಹತ್ತಿಸಿದರು. ಆ ವ್ಯಾಪಾರ ಇಲ್ಲಿಗೆ ಬಂದು ನೋಡಿದರೆ ಮುಳುಗುವ ಹಂತದಲ್ಲಿತ್ತು. ಹೇಗೋ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಇದನ್ನು ಗಮನಿಸಬೇಕು. ಅವನು ಈಸ್ಟ್ ಇಂಡಿಯಾ ಕಂಪನಿಯ ಖಾಸಾ ಸಿವಿಲ್ ಅಧಿಕಾರಿಗಳ ಸಾಲಿಗೆ ಎಂದೂ ಸೇರಲಿಲ್ಲ. ಬಿಳಿಯರ ಪಂಕ್ತಿಯಲ್ಲಿ ಅವನದು ಯಾವಾಗಲೂ ಕೊನೆಯ ಎಲೆ. ಮದುವೆಯಾದದ್ದು ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು. ಆ ಪಾಮರ್‌ನ ತಾಯಿ ಫೈಜ್ ಬಕ್ಷ್ ಎಂಬ ಬೇಗಂ. ಹೆಂಡತಿಯ ಮನೆಯ ಕಡೆಯಿಂದ ಟೇಲರ್ ಅರೆ ಹಿಂದುಸ್ತಾನಿ ಕುಟುಂಬದ ಅಳಿಯ. 1839ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಅಚ್ಚಾಗಿ, ಒಂದೇ ಪುಸ್ತಕದಿಂದ ಹೆಸರಾದ. 1840ರಿಂದ 1853ರವರೆಗೆ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಹೈದರಾಬಾದ್ ಸೀಮೆಯಿಂದ ಬರೆಯುತ್ತಿದ್ದವನೂ ಅವನೇ.

1840ರ ದಶಕದ ಆರಂಭದಲ್ಲಿ ಅವನನ್ನು ಸುರಪುರಕ್ಕೆ ಕಳಿಸಿದರು. ಬೇಡ ನಾಯಕರ ಆ ಸಂಸ್ಥಾನದಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ನಾಯಕ ಎಳೆಯ ಹುಡುಗ. ತಾಯಿ ರಾಣಿ ಈಶ್ವರಮ್ಮ ಗಟ್ಟಿ ಹೆಂಗಸು. ಟೇಲರ್‌ನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. 1853ರಲ್ಲಿ ಹುಡುಗನಿಗೆ ಅಧಿಕಾರ ಒಪ್ಪಿಸುವವರೆಗೆ ಸಂಸ್ಥಾನದ ಕಾರಭಾರವೆಲ್ಲ ಟೇಲರ್‌ನದೇ. ಕಂದಾಯ ಸರಿಪಡಿಸಿದ, ರಸ್ತೆ ಹಾಕಿಸಿದ, ಬೋನಾಳ ಕೆರೆಯ ಕೆಲಸಕ್ಕೆ ಕೈ ಹಾಕಿದ. ಗುಡ್ಡದ ಮೇಲೆ ಕಟ್ಟಿಸಿಕೊಂಡ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ರಾಜನಕೋಳೂರು, ಹಗರಟಗಿ ಸುತ್ತಲಿನ ಚಪ್ಪಡಿಕಲ್ಲಿನ ಬೃಹತ್ ಶಿಲಾಯುಗದ ಸಮಾಧಿಗಳನ್ನು, ನಮ್ಮ ಜನ ಮೋರೇರ ಮನೆ ಎಂದು ಕರೆದು ಸುಮ್ಮನೆ ಬಿಟ್ಟಿದ್ದವನ್ನು, ಅಗೆದು ಅಳೆದು ಚಿತ್ರ ಬರೆದು ಪಂಡಿತರ ಪತ್ರಿಕೆಗಳಲ್ಲಿ ಪ್ರಕಟಿಸಿದವನೂ ಇವನೇ. ಹೆಂಡತಿ 1844ರಲ್ಲಿ ತೀರಿಕೊಂಡಮೇಲೆ ಇನ್ನೊಂದು ಮದುವೆಯ ಗೋಜಿಗೆ ಹೋಗದೆ ಈ ಕೆಲಸಗಳಲ್ಲೇ ಮುಳುಗಿದ. ಸುರಪುರವನ್ನು ಅವನು ಪ್ರೀತಿಸಿದ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅವನು ತೀರಿಕೊಂಡ ಎರಡು ವರ್ಷಕ್ಕೆ, 1878ರಲ್ಲಿ ಹೊರಬಂದ ‘ಎ ನೋಬಲ್ ಕ್ವೀನ್’ ಚಾಂದ್‌ಬೀಬಿಯ ಕಥೆ. ಗೋಗಿಯಲ್ಲಿ ಮಲಗಿರುವ ಮೊದಲನೆಯ ಇಬ್ರಾಹಿಮನ ಸೊಸೆ ಅವಳು. ಆ ಕಾದಂಬರಿ ತೆರೆದುಕೊಳ್ಳುವುದು ಜಲದುರ್ಗದ ಬಳಿಯ ಕೃಷ್ಣೆಯ ಪ್ರವಾಹದಲ್ಲಿ, ಬೇಡರ ಸೀಮೆಯಲ್ಲಿ. ಕಣ್ಣು ಮಂಜಾಗುತ್ತಿದ್ದ ಮುದುಕ ದೂರದ ನಾಡಿನಲ್ಲಿ ಕೂತು ಈ ನದಿಯನ್ನು ನೆನೆಸಿಕೊಂಡಿದ್ದ.

ಪಠ್ಯಪುಸ್ತಕದ ಸೂತ್ರ ಇಲ್ಲಿಗೆ ಸರಿಯಾಗಿ ಕೂಡುತ್ತದೆ: ನೆಲ ಹೀಗಿತ್ತು, ಬದುಕು ಹೀಗಿತ್ತು, ಬರಹ ಹೀಗಾಯಿತು. ಆದರೆ ಪುಸ್ತಕಗಳನ್ನು ತೆರೆದು ಒಳಗೆ ಯಾರು ಮಾತಾಡುತ್ತಾರೆ, ಯಾರು ಕೇಳುತ್ತಾರೆ ಎಂದು ನೋಡಿ.

ಥಗ್ ಕಾದಂಬರಿಯ ಕಟ್ಟಡವೇ ಇದನ್ನು ಹೇಳಿಬಿಡುತ್ತದೆ. ಕೈದಿ ಅಮೀರ್ ಅಲಿ ತನ್ನ ಕೊಲೆಗಳ ಕಥೆಯನ್ನು ಹೇಳುತ್ತ ಹೋಗುತ್ತಾನೆ. ಒಬ್ಬ ಸಾಹೇಬ ಕೂತು ಕೇಳುತ್ತಾನೆ, ಬರೆದುಕೊಳ್ಳುತ್ತಾನೆ. ಮಾತೆಲ್ಲ ಅಮೀರ್ ಅಲಿಯದು, ನೂರಾರು ಪುಟ. ಓದುಗನಿಗೆ ಅವನ ಮೇಲೆ ಮೋಹವೇ ಹುಟ್ಟುತ್ತದೆ, ಅಷ್ಟು ಸೊಗಸಾಗಿ ಮಾತಾಡುತ್ತಾನೆ. ಆದರೂ ಅದು ತಪ್ಪೊಪ್ಪಿಗೆ, ಪೊಲೀಸ್ ಹೇಳಿಕೆಯ ವೇಷ ತೊಟ್ಟ ಕಾದಂಬರಿ. ಥಗ್ಗಿತನ ಎಂಬ ರಹಸ್ಯ ಪಂಥ ನಿಜಕ್ಕೂ ಎಷ್ಟಿತ್ತು, ಕಂಪನಿಯ ಕಡತಗಳು ಅದನ್ನು ಎಷ್ಟು ಬೆಳೆಸಿದವು ಎಂದು ವಿದ್ವಾಂಸರು ಈಗಲೂ ಜಗಳವಾಡುತ್ತಾರೆ. ಟೇಲರ್ ಸ್ವತಃ ಪೊಲೀಸ್ ಕೆಲಸ ಮಾಡಿದವನು. ಹಿಂದುಸ್ತಾನಿ ಬಾಯಿ ಅವನ ಮುಂದೆ ತೆರೆದುಕೊಂಡದ್ದು ಹೆಚ್ಚಾಗಿ ಹೇಳಿಕೆ ಕೊಡಲು, ಅರ್ಜಿ ಹಾಕಲು, ಇಲ್ಲವೆ ದಯೆ ಬೇಡಲು. ಅವನ ಕಲೆಯ ಶಕ್ತಿಯೂ ಮಿತಿಯೂ ಅಲ್ಲಿಂದಲೇ ಬಂದವು.

1872ರ ‘ಸೀತಾ’ ಇನ್ನೂ ಕುತೂಹಲದ್ದು. 1857ರ ದಂಗೆಯ ಕಥೆ. ಸಿರಿಲ್ ಬ್ರಾಂಡನ್ ಎಂಬ ಇಂಗ್ಲಿಷ್ ಅಧಿಕಾರಿ ಸೀತಾ ಎಂಬ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. ದಂಗೆ ಮುಗಿದು ಹದಿನೈದು ವರ್ಷವೂ ಸರಿಯಾಗಿ ಕಳೆದಿರಲಿಲ್ಲ. ಇಂಗ್ಲೆಂಡಿನ ಓದುಗರಿಗೆ ಹಿಂದುಸ್ತಾನಿ ಎಂದರೆ ಕೊಂದ ಇಂಗ್ಲಿಷ್ ಹೆಂಗಸರು ಮಕ್ಕಳನ್ನು ಎಸೆದ ಕಾನ್ಪುರದ ಬಾವಿಯೇ ಕಣ್ಣೆದುರು ಬರುತ್ತಿದ್ದ ಕಾಲ. ಆಗ ಇಂಥ ಮದುವೆ ಬರೆಯಲು ಎದೆ ಬೇಕು. ಪಾಮರ್ ಮನೆಯ ಅಳಿಯನಿಗೆ ಅದಿತ್ತು. ಆದರೆ ಕಥೆ ಮುಂದುವರಿದು ಸೀತೆ ಗಂಡನಿಗೆ ಬೀಳಲಿದ್ದ ಏಟನ್ನು ತಾನು ತಿಂದು ಸಾಯುತ್ತಾಳೆ, ಬ್ರಾಂಡನ್ ಕೊನೆಗೆ ಇಂಗ್ಲಿಷ್ ಹೆಣ್ಣನ್ನೇ ಕೈಹಿಡಿಯುತ್ತಾನೆ. ಬದುಕು ಟೇಲರ್‌ನಿಗೆ ಆ ಮದುವೆಯನ್ನು ಕಲ್ಪಿಸಿಕೊಳ್ಳುವ ಧೈರ್ಯ ಕೊಟ್ಟಿತು, ಸಮಾಜ ಅದನ್ನು ಕೊನೆಯ ಪುಟದವರೆಗೆ ನಡೆಸಲು ಬಿಡಲಿಲ್ಲ. ಬದುಕೂ ಸಮಾಜವೂ ಜೋಡಿಯಾಗಿ ಬರಹಗಾರನನ್ನು ರೂಪಿಸುತ್ತವೆ ಎನ್ನುತ್ತೇವಲ್ಲ, ಇಲ್ಲಿ ಅವೆರಡೂ ಒಂದರ ಕೈಯನ್ನು ಇನ್ನೊಂದು ಹಿಡಿದು ತಡೆಯುತ್ತಿವೆ.

ನನಗೆ ಬಹಳ ಕಾಡುವುದು ಅವನ ಆತ್ಮಕಥೆ, 1877ರಲ್ಲಿ ಮಗಳು ಸಂಪಾದಿಸಿ ಹೊರತಂದ ‘ದಿ ಸ್ಟೋರಿ ಆಫ್ ಮೈ ಲೈಫ್’. ಅದರ ಹೃದಯ ಸುರಪುರ. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ಮೇಲೆ ತಿರುಗಿಬಿದ್ದ. ಕ್ಯಾಪ್ಟನ್ ನ್ಯೂಬೆರಿ ಸುರಪುರದ ಹೊರಗಿನ ಕಾಳಗದಲ್ಲಿ ಸತ್ತ. ರಾಜ ರಾತ್ರೋರಾತ್ರಿ ಹೈದರಾಬಾದಿಗೆ ಹೋಗಿ ಸಿಕ್ಕಿಬಿದ್ದ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಾಣುವ ಪುಟಗಳನ್ನು ಓದಿದವರು ಮರೆಯಲಾರರು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಯುವಕ, ಮಗುವಾಗಿದ್ದಾಗ ಕರೆಯುತ್ತಿದ್ದಂತೆ ‘ಅಪ್ಪಾ’ ಎಂದು ಅಪ್ಪಿಕೊಂಡು ಅಳುತ್ತಾನೆ. ಮರಣದಂಡನೆ ಜೀವಾವಧಿಗೆ ಇಳಿಯುತ್ತದೆ, ಜೀವಾವಧಿ ನಾಲ್ಕು ವರ್ಷದ ಸೆರೆಗೆ ಇಳಿಯುತ್ತದೆ. ಮದ್ರಾಸಿನ ಹತ್ತಿರದ ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ರಾಜ ಸಾಯುತ್ತಾನೆ. ತಾನೇ ಹಾರಿಸಿಕೊಂಡನೋ, ಕೈತಪ್ಪಿತೋ, ಯಾರಾದರೂ ಹಾರಿಸಿದರೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಟೇಲರ್ ಇದಕ್ಕೆ ಒಂದು ಜಾತಕದ ಕಥೆ ಜೋಡಿಸುತ್ತಾನೆ: ರಾಜ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುತ್ತಾನೆ ಎಂದು ಬ್ರಾಹ್ಮಣನೊಬ್ಬ ಮೊದಲೇ ಬರೆದಿಟ್ಟಿದ್ದನಂತೆ, ಅದು ತಾಯಿಗೂ ಗೊತ್ತಿತ್ತಂತೆ, ಟೇಲರ್‌ಗೂ ತಿಳಿಸಿದ್ದರಂತೆ.

ಅದ್ಭುತವಾದ ಕಥನ. ಸಂಶಯ ಹುಟ್ಟಬೇಕಾದದ್ದೂ ಇಲ್ಲೇ. ಒಂದು ಸಂಸ್ಥಾನ ಯಾಕೆ ದಂಗೆ ಎದ್ದಿತು ಎಂಬ ಪ್ರಶ್ನೆಗೆ ಈ ಪುಟಗಳಲ್ಲಿ ಸಿಗುವ ಉತ್ತರ ಮುಖ್ಯವಾಗಿ ಎರಡು: ಹುಡುಗ ಕೆಟ್ಟವರ ಸಹವಾಸಕ್ಕೆ ಬಿದ್ದ, ಮತ್ತು ಹಣೆಯಲ್ಲಿ ಬರೆದಿತ್ತು. ಗುಣ ಮತ್ತು ವಿಧಿ. ಇವೆರಡರ ನಡುವೆ ಇರಬೇಕಾದ ರಾಜಕೀಯ ಎಷ್ಟು ತೆಳ್ಳಗಾಗಿದೆ! ಹನ್ನೆರಡು ವರ್ಷದ ಹತ್ತಿರ ಒಬ್ಬ ಹುಡುಗನ ರಾಜ್ಯವನ್ನು ಹೊರಗಿನವನೊಬ್ಬ ಆಳಿ, ಅವನ ತಾಯಿಯನ್ನು ಮೂಲೆಗೆ ಸರಿಸಿ, ಕೊನೆಗೆ ಕೀಲಿಕೈ ಕೊಟ್ಟು ಹೋದಮೇಲೆ ಆ ಹುಡುಗನ ಮನಸ್ಸಿನಲ್ಲಿ ಏನಿತ್ತು? ಅವನು ಅಪ್ಪಾ ಎಂದು ಅತ್ತದ್ದು ನಿಜವೇ ಇರಬಹುದು. ಆದರೆ ನೇಣು ಕಣ್ಣೆದುರಿಗಿದ್ದ ಕೈದಿ, ತನ್ನ ಪರವಾಗಿ ಮಾತಾಡಬಲ್ಲ ಒಬ್ಬನೇ ಬಿಳಿಯನ ಮುಂದೆ ಬೇರೆ ಏನೆಂದಾನು? ಅಮೀರ್ ಅಲಿಯ ಕಟ್ಟಡವೇ ಮತ್ತೆ ಎದ್ದು ನಿಂತಿದೆ: ಕೈದಿ ಹೇಳುತ್ತಾನೆ, ಸಾಹೇಬ ಬರೆದುಕೊಳ್ಳುತ್ತಾನೆ. ಮೂವತ್ತರಲ್ಲಿ ಕಾದಂಬರಿಗೆ ಹೂಡಿದ ತಂತ್ರ ಅರವತ್ತು ದಾಟಿದಮೇಲೆ ನೆನಪಿನ ತಂತ್ರವಾಯಿತು. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ದುಃಖದ ಕಥೆಗೆ ಇದು ಬರಿಯ ಉಪಸಂಹಾರವಾಗಿ ಬರುತ್ತದೆ, ಕಾರಣಗಳ ಸಾಲಿನಲ್ಲಿ ಇಂಥ ರಾಜಕೀಯದ ಸುಳಿವೂ ಇಲ್ಲ.

ಬೇಡರು ತಮ್ಮ ಕಥೆಯನ್ನು ತಾವೇ ಹೇಳಿಕೊಂಡಾಗ ಹೇಗಿರುತ್ತದೆ? ಸುರಪುರಕ್ಕಿಂತ ಕೆಲವೇ ತಿಂಗಳು ಮೊದಲು, 1857ರ ಕೊನೆಗೆ, ಮುಧೋಳದ ಕಡೆಯ ಹಲಗಲಿಯಲ್ಲಿ ದಂಗೆಯಾಯಿತು. ಅದರ ಲಾವಣಿ ನಮಗೆಲ್ಲ ಶಾಲೆಯಲ್ಲಿ ಪಾಠವಾಗಿತ್ತು. ಆ ಲಾವಣಿಕಾರನಿಗೆ ಯಾರ ಗುಣಸ್ವಭಾವದ ವಿಮರ್ಶೆಯೂ ಬೇಕಿಲ್ಲ. ಅವನು ಕಥೆ ಶುರು ಮಾಡುವುದೇ ಆಯುಧಗಳನ್ನು ಕಿತ್ತುಕೊಳ್ಳುವ ಸರಕಾರಿ ಹುಕುಮಿನಿಂದ. ಕಾನೂನು ಬಂತು, ಹತಾರ ಕೇಳಿದರು, ಕೊಡಲಿಲ್ಲ, ಹೊಡೆದಾಟವಾಯಿತು, ಊರು ಸುಟ್ಟರು. ಟೇಲರ್‌ನ ನೂರಾರು ಪುಟಗಳಲ್ಲಿ ಸಿಗದ ಸ್ಪಷ್ಟತೆ ಈ ಹಾಡಿನಲ್ಲಿದೆ. ಟೇಲರ್‌ನ ಮಾನವೀಯತೆ, ಒಳಗಿನ ಮನುಷ್ಯನನ್ನು ನೋಡುವ ಅವನ ಕಣ್ಣು ಲಾವಣಿಯಲ್ಲಿಲ್ಲ, ಅದನ್ನೂ ಒಪ್ಪಬೇಕು. ಇನ್ನೊಂದು ವಿಷಯ: ಈ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ಕೊಟ್ಟವನು ಜಾನ್ ಫೇಯ್ತ್‌ಫುಲ್ ಫ್ಲೀಟ್, ಬ್ರಿಟಿಷ್ ಅಧಿಕಾರಿ! ಬೇಡರ ಬಾಯಿಯ ಕಥೆಯೂ ಕಾಗದಕ್ಕೆ ಬರಲು ಸಾಹೇಬನ ಮೇಜನ್ನೇ ದಾಟಬೇಕಾಯಿತು.

ಈಗ ಅಮೆರಿಕದ ಮಿಸಿಸಿಪ್ಪಿ ರಾಜ್ಯಕ್ಕೆ ಹೋಗೋಣ. ಅದೇ ರಾಜ್ಯದಲ್ಲಿ ಹನ್ನೊಂದು ವರ್ಷದ ಅಂತರದಲ್ಲಿ ಇಬ್ಬರು ಹುಟ್ಟಿದರು, 1897ರಲ್ಲಿ ವಿಲಿಯಂ ಫಾಕ್ನರ್, 1908ರಲ್ಲಿ ರಿಚರ್ಡ್ ರೈಟ್. ಫಾಕ್ನರ್‌ನ ಮುತ್ತಜ್ಜ ಗುಲಾಮರನ್ನು ಇಟ್ಟುಕೊಂಡಿದ್ದ ಕರ್ನಲ್. ರೈಟ್‌ನ ಅಜ್ಜ ಅಜ್ಜಿಯರು ಗುಲಾಮಗಿರಿಯಲ್ಲಿ ಹುಟ್ಟಿದವರು. ಫಾಕ್ನರ್ ಆ ನೆಲದಲ್ಲಿ ಒಂದು ಕಲ್ಪನೆಯ ಜಿಲ್ಲೆಯನ್ನೇ ಕಟ್ಟಿ 1949ರ ನೊಬೆಲ್ ಪಡೆದ. ರೈಟ್‌ಗೆ ಆ ನೆಲದಿಂದ ಓಡಿಹೋಗುವುದೇ ಬರಹದ ಮೊದಲ ಷರತ್ತು. ಮೆಂಫಿಸ್ ನಗರದ ಗ್ರಂಥಾಲಯದಲ್ಲಿ ಕರಿಯರಿಗೆ ಪುಸ್ತಕ ಕೊಡುತ್ತಿರಲಿಲ್ಲ. ರೈಟ್ ಒಬ್ಬ ಬಿಳಿಯ ಸಹೋದ್ಯೋಗಿಯ ಕಾರ್ಡು ಬೇಡಿ ತೆಗೆದುಕೊಂಡು, ‘ಈ ಹುಡುಗನ ಕೈಯಲ್ಲಿ ಪುಸ್ತಕ ಕಳಿಸಿ’ ಎಂಬರ್ಥದ ಚೀಟಿಯನ್ನು ಬಿಳಿಯನ ಹೆಸರಿನಲ್ಲಿ ತಾನೇ ಬರೆದುಕೊಂಡು ಹೋಗುತ್ತಿದ್ದ; ಚೀಟಿಯಲ್ಲಿ ತನ್ನನ್ನೇ ಬೈಗುಳದ ಹೆಸರಿನಿಂದ ಕರೆದುಕೊಂಡಿದ್ದ, ಯಾರಿಗೂ ಅನುಮಾನ ಬರಬಾರದಲ್ಲ. 1945ರ ‘ಬ್ಲ್ಯಾಕ್ ಬಾಯ್’ನಲ್ಲಿ ಇದನ್ನು ಹೇಳಿಕೊಂಡಿದ್ದಾನೆ. ಒಬ್ಬ ಬರಹಗಾರನ ಮೊದಲ ಕೃತಿ ಅವನದೇ ಅವಮಾನದ ಖೋಟಾ ಚೀಟಿ. ಇಬ್ಬರನ್ನೂ ಒಂದೇ ‘ದಕ್ಷಿಣದ ಪರಿಸರ’ ರೂಪಿಸಿತು ಎನ್ನುವುದು ಮಾತಿಗೆ ಸರಿ, ಅರ್ಥಕ್ಕೆ ಖಾಲಿ.

ಫಾಕ್ನರ್‌ನನ್ನು ಟೇಲರ್‌ನ ಜೊತೆ ಸೇರಿಸಿ ತೂಗುವುದು ಅನ್ಯಾಯ, ಕಲೆಯಲ್ಲಿ ಇಬ್ಬರಿಗೂ ಅಜಗಜಾಂತರ. ಆದರೂ 1929ರ ‘ದಿ ಸೌಂಡ್ ಆ್ಯಂಡ್ ದಿ ಫ್ಯೂರಿ’ಯ ನಾಲ್ಕು ಭಾಗಗಳನ್ನು ನೋಡಿ. ಮೊದಲ ಮೂರರಲ್ಲಿ ಕಾಂಪ್ಸನ್ ಮನೆಯ ಮೂವರು ಗಂಡುಮಕ್ಕಳು ‘ನಾನು’ ಎಂದು ಮಾತಾಡುತ್ತಾರೆ, ಅವರಲ್ಲಿ ಒಬ್ಬನಿಗೆ ಬುದ್ಧಿಯೇ ಬೆಳೆದಿಲ್ಲ. ನಾಲ್ಕನೆಯದರ ನಡುವೆ ಇರುವವಳು ಆ ಮನೆಯ ಕರಿಯ ಆಳು ಡಿಲ್ಸಿ, ಇಡೀ ಕಾದಂಬರಿಯಲ್ಲಿ ನೆಟ್ಟಗೆ ನಿಂತ ಒಬ್ಬಳೇ ಮನುಷ್ಯಳು. ಅವಳ ಭಾಗಕ್ಕೆ ಮಾತ್ರ ‘ನಾನು’ ಇಲ್ಲ, ಹೊರಗಿನಿಂದ ಹೇಳಿಸಿಕೊಳ್ಳುತ್ತಾಳೆ. ಬುದ್ಧಿ ಬೆಳೆಯದ ಮಗನ ತಲೆಯೊಳಗೆ ಹೊಕ್ಕ ಲೇಖಕ ಡಿಲ್ಸಿಯ ಬಾಗಿಲಲ್ಲಿ ನಿಂತ. ಇದನ್ನು ವಿನಯ ಎಂದೂ ಓದಬಹುದು, ಕೈಲಾಗದ್ದು ಎಂದೂ ಓದಬಹುದು. ನನಗೆ ಎರಡೂ ಸರಿಯೇ ಅನ್ನಿಸುತ್ತದೆ. ಆದರೆ ಬಾಗಿಲು ಅಲ್ಲಿತ್ತು ಎನ್ನುವುದು ಅವನಿಗೆ ಗೊತ್ತಿತ್ತು. ಟೇಲರ್‌ಗೆ ಗೊತ್ತಿರಲಿಲ್ಲ.

ಟ್ವೇನ್‌ನ ವಿಷಯ ಇನ್ನೂ ಒಂದು ಹೆಜ್ಜೆ ಮುಂದೆ. ಗುಲಾಮರನ್ನು ಇಟ್ಟುಕೊಂಡ ಮನೆಯಲ್ಲಿ ಬೆಳೆದವನು ಅವನು. ಹಕ್ ಎಂಬ ಹುಡುಗ ಓಡಿಹೋಗುವ ಗುಲಾಮ ಜಿಮ್‌ಗೆ ನೆರವಾಗುವಾಗ ಅದು ಪಾಪ, ತಾನು ನರಕಕ್ಕೆ ಹೋಗುತ್ತೇನೆ ಎಂದೇ ನಂಬಿರುತ್ತಾನೆ. ಸಮಾಜ ಆ ಹುಡುಗನ ಮನಸ್ಸಾಕ್ಷಿಯನ್ನೇ ತಿರುಚಿ ಕೂರಿಸಿದೆ. ತನ್ನನ್ನು ರೂಪಿಸಿದ ಕೈಯನ್ನೇ ಟ್ವೇನ್ ಕಥೆಯ ವಸ್ತು ಮಾಡಿದ. ಈ ಟ್ವೇನ್ 1896ರಲ್ಲಿ ಸಾಲ ತೀರಿಸಲು ಭಾಷಣ ಮಾಡುತ್ತ ಭಾರತಕ್ಕೂ ಬಂದಿದ್ದ. ಮರುವರ್ಷದ ಪ್ರವಾಸಕಥನದಲ್ಲಿ ಥಗ್ಗರ ಬಗ್ಗೆ ಪುಟಗಟ್ಟಲೆ ಬರೆದ. ಮಾಹಿತಿಯೆಲ್ಲ ಕಂಪನಿಯ ಅಧಿಕಾರಿ ಸ್ಲೀಮನ್‌ನ ಸರಕಾರಿ ವರದಿಯದು, ಅಂದರೆ ಟೇಲರ್ ಬರೆದ ಅದೇ ಸರಕು. ಆದರೆ ಕೊಲೆಯ ಆ ಸಂತೋಷ ತಮ್ಮಂಥ ಬಿಳಿಯರೊಳಗೂ ಇದೆ, ನಾಗರಿಕತೆಯ ಚರ್ಮ ಬಹಳ ದಪ್ಪಗಿಲ್ಲ ಎಂಬರ್ಥದ ಮಾತನ್ನು ಸೇರಿಸಿದ. ಟೇಲರ್ ಕೈದಿಯ ಎದುರು ಕೂತಿದ್ದ ಜಾಗದಲ್ಲೇ ಟ್ವೇನ್ ಕುರ್ಚಿಯನ್ನು ತುಸು ತಿರುಗಿಸಿ ತನ್ನ ಮುಖವನ್ನೂ ನೋಡಿಕೊಂಡ. ವರ್ಷಗಟ್ಟಲೆ ನಮ್ಮವರ ನಡುವೆ ಬಾಳಿದ ಟೇಲರ್‌ಗೆ ಕಾಣದ್ದು ಕೆಲವೇ ವಾರ ಸುತ್ತಿದ ಟ್ವೇನ್‌ಗೆ ಕಂಡಿತು. ಅದಕ್ಕೇ ಬದುಕಿನ ಅನುಭವವೇ ಸಾಹಿತ್ಯದ ಬಂಡವಾಳ ಎಂಬ ಮಾತನ್ನು ನಾನು ಅರೆಮನಸ್ಸಿನಿಂದ ಕೇಳುತ್ತೇನೆ.

ನಮ್ಮ ಸೀಮೆಯಲ್ಲಿ ಕೆಳಗಿನಿಂದ ಬಂದ ಬರಹವೇ ಇರಲಿಲ್ಲವೆ? ಇತ್ತು, ಟೇಲರ್‌ಗಿಂತ ಎಂಟು ಶತಮಾನ ಮೊದಲೇ ಇತ್ತು. ಸುರಪುರ ಸೀಮೆಯ ಮುದನೂರು ನೇಕಾರ ದಾಸಿಮಯ್ಯನ ಊರು. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂಬುದನ್ನು ಪಂಡಿತರಿಗೆ ಬಿಡೋಣ. ರಾಮನಾಥನ ಅಂಕಿತದ ಆ ವಚನಗಳಲ್ಲಿ ದೊರೆಯ ದಯೆಗೆ ಕೈ ಚಾಚುವ ದನಿ ಇಲ್ಲ, ನೆಲ ಬೆಳೆ ಗಾಳಿ ಕೊಟ್ಟವನನ್ನು ಬಿಟ್ಟು ಬೇರೆಯವರನ್ನು ಯಾಕೆ ಹೊಗಳಲಿ ಎಂಬ ಸೆಡವಿದೆ. ಫರಿಸ್ತಾನ ಮುಂದೆ ಇದನ್ನು ಇಟ್ಟು ನೋಡಿ. ಮಗ್ಗದ ಮುಂದೆ ಕೂತವನಿಗೆ ಆಶ್ರಯದಾತ ಬೇಕಿರಲಿಲ್ಲ, ನೇಯ್ದದ್ದನ್ನು ಸಂತೆಯಲ್ಲಿ ಮಾರುತ್ತಿದ್ದ. ಆ ದನಿ ಆಮೇಲೆ ಇಲ್ಲಿ ಬತ್ತಿತು ಎನ್ನಲಾರೆ, ಕೊಡೇಕಲ್ಲಿನ ಬಸವಣ್ಣನ ಪರಂಪರೆ ಇದೆ, ತತ್ವಪದಗಳಿವೆ. ಆದರೆ ಅಚ್ಚಿನ ಕಾಲ ಬಂದಾಗ ನಮ್ಮವರ ಕೈಯಲ್ಲಿ ಅಚ್ಚುಮೊಳೆ ಇರಲಿಲ್ಲ. ನಿಜಾಮನ ಆಡಳಿತದಲ್ಲಿ ಶಾಲೆ, ಕಚೇರಿ ಎಲ್ಲವೂ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ್ದೂ ಉರ್ದು ಮಾಧ್ಯಮವೇ. ಕನ್ನಡ ಮನೆಮಾತಾಗಿ ಉಳಿಯಿತು, ಬರಹದ ಭಾಷೆಯಾಗಲು ಹೆಣಗಾಡಿತು. ವಿಚಿತ್ರವೆಂದರೆ ಆ ಒತ್ತಡದಿಂದಲೂ ಒಂದು ಲಾಭವಾಯಿತು. ಪಕ್ಕದ ರಾಯಚೂರು ಜಿಲ್ಲೆಯ ಹೆಂಬೆರಾಳದ ಶಾಂತರಸರಂಥವರು ಹೇರಿದ ಉರ್ದುವಿನಿಂದಲೇ ಗಜಲನ್ನು ಕನ್ನಡಕ್ಕೆ ಬಿಡಿಸಿಕೊಂಡು ತಂದರು. ಇಂದು ಕನ್ನಡ ಗಜಲ್ ಎಂದರೆ ಮೊದಲು ನೆನಪಾಗುವುದು ಈ ಸೀಮೆ. ಸುರಪುರದ ಇತಿಹಾಸವನ್ನೂ ಕಪಟರಾಳ ಕೃಷ್ಣರಾಯರಂಥವರು ಕನ್ನಡದಲ್ಲಿ ಬರೆದರು, ಟೇಲರ್‌ನ ಮಾತಿಗೆ ಪಕ್ಕದಲ್ಲಿ ಇನ್ನೊಂದು ಮಾತು ನಿಂತಿತು.

ನಮ್ಮ ಭಾಗದ ಕಾಲೇಜುಗಳಲ್ಲಿ ಟೇಲರ್‌ನನ್ನು ಪಾಠಕ್ಕೆ ಇಡಬೇಕೆನ್ನುವವರಿದ್ದಾರೆ, ವಸಾಹತುಶಾಹಿ ಎಂದು ದೂರ ಇಡಬೇಕೆನ್ನುವವರೂ ಇದ್ದಾರೆ. ಇಡಲೇಬೇಕು. ಆದರೆ ಸೆರೆಮನೆಯ ಪುಟಗಳನ್ನು ಹಲಗಲಿಯ ಲಾವಣಿಯ ಜೊತೆ, ಹಕ್ ನರಕಕ್ಕೆ ಹೋಗಲು ನಿರ್ಧರಿಸುವ ಅಧ್ಯಾಯದ ಜೊತೆ, ಒಂದೇ ವಾರದಲ್ಲಿ ಓದಿಸಬೇಕು. ಓದಿದಮೇಲೆ ಪರೀಕ್ಷೆಗೆ ‘ಲೇಖಕನ ಮೇಲೆ ಪರಿಸರದ ಪ್ರಭಾವ ವಿವರಿಸಿ’ ಎಂದು ಕೇಳುವ ಬದಲು ಸೆರೆಮನೆಯ ಭೇಟಿಯನ್ನು ವೆಂಕಟಪ್ಪ ನಾಯಕನ ಬಾಯಿಂದ ಬರೆಯಲು ಹೇಳಬೇಕು. ಅಪ್ಪಿಕೊಂಡ ಕೈಗಳ ಒಳಗಿನ ಲೆಕ್ಕ ಏನಿತ್ತು? ರಾಣಿ ಈಶ್ವರಮ್ಮ ಇದ್ದಿದ್ದರೆ ಏನು ಹೇಳುತ್ತಿದ್ದಳು? ಇದಕ್ಕೆ ಉತ್ತರ ಬರೆಯಬಲ್ಲ ಹುಡುಗ ಹುಡುಗಿಯರು ಈಗ ಸುರಪುರ, ಶಹಾಪುರದ ತರಗತಿಗಳಲ್ಲಿ ಇದ್ದಾರೆ, ಅವರಲ್ಲಿ ನಾಯಕರ ಮನೆಯವರೂ ಇದ್ದಾರೆ.

ತರಗತಿಯವರೆಗೆ ಬಂದವರ ಮಾತಾಯಿತು ಇದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ನೂರಕ್ಕೆ 52, ಇಡೀ ರಾಜ್ಯದಲ್ಲಿ ಕಡೆಯ ಸ್ಥಾನ. ಸುಗ್ಗಿ ಮುಗಿದರೆ ಊರುಗಳು ಬೆಂಗಳೂರಿಗೆ, ಮುಂಬಯಿಗೆ ಗುಳೆ ಹೊರಡುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿ ಬೀಳುತ್ತದೆ. ಕಟ್ಟಡದ ಕೆಲಸದ ಶೆಡ್ಡುಗಳಲ್ಲಿ ರೈಟ್‌ಗೆ ಸಿಕ್ಕಂಥ ಎ‌ರವಲು ಕಾರ್ಡೂ ಇಲ್ಲ, ಖೋಟಾ ಚೀಟಿ ತೋರಿಸೋಣವೆಂದರೆ ಗ್ರಂಥಾಲಯವೇ ಇಲ್ಲ. ಇವರ ಬಗ್ಗೆ ಬರೆಯುವವರಿಗೆ ಕೊರತೆಯಿಲ್ಲ: ವರದಿ ಬರೆಯುವ ಅಧಿಕಾರಿ, ಸಂಶೋಧನೆ ಮಾಡುವ ಪ್ರಾಧ್ಯಾಪಕ, ಲೇಖನ ಬರೆಯುವ ನನ್ನಂಥವರು, ಎಲ್ಲರೂ ಟೇಲರ್‌ನಂತೆಯೇ ಒಳ್ಳೆಯ ಮನಸ್ಸಿನಿಂದ ಬರೆಯುತ್ತಿದ್ದೇವೆ.